ಸೈಕಲ್ ಕೊಟ್ಟರು, ದಾರಿ?

ಪಾಠ ಹೇಳುವವರಿಗೆ ಪ್ರಶ್ನೆ ಕೇಳುವುದೇ ಅಭ್ಯಾಸ. ಪ್ರಶ್ನೆ ಕೇಳಿಸಿಕೊಂಡು ಉತ್ತರ ತೋಚದೆ ನಿಲ್ಲುವ ಸಂದರ್ಭ ಕಡಿಮೆ. 2012ರ ಮಳೆಗಾಲದ ಒಂದು ಸಂಜೆ ನಾನು ಹಾಗೆ ನಿಂತಿದ್ದೆ.

ನಮ್ಮ ಶಾಲೆಯ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಸೈಕಲ್ಲಿನಿಂದ ಬಿದ್ದು ಕೈ ಮುರಿದುಕೊಂಡಿದ್ದಳು. ಹಿಂದಿನಿಂದ ಬಂದ ಲಾರಿಯೊಂದು ಜೋರಾಗಿ ಹಾರನ್ ಹೊಡೆದಿದೆ. ಹುಡುಗಿ ಬೆದರಿ ಪಕ್ಕಕ್ಕೆ ಸರಿದಿದ್ದಾಳೆ. ಸರಿಯುವುದಕ್ಕೆ ಪಕ್ಕ ಎಂಬುದೊಂದು ಇದ್ದರೆ ತಾನೆ? ಟಾರು ಮುಗಿಯುವಲ್ಲಿ ಒಂದು ಗೇಣು ಇಳಿಕೆ, ಅದರಾಚೆ ಲಂಟಾನದ ಪೊದೆ. ಮುಂದಿನ ಚಕ್ರ ಜಾರಿತು. ಲಾರಿ ಅವಳನ್ನು ಮುಟ್ಟಲೂ ಇಲ್ಲ, ನಿಲ್ಲಲೂ ಇಲ್ಲ.

ಬ್ರೆಡ್ಡು, ಬಾಳೆಹಣ್ಣು ಹಿಡಿದುಕೊಂಡು ಅವರ ಮನೆಗೆ ಹೋದೆ. ತಾಯಿ ಜಗಲಿಯ ಮೇಲೆ ಕುಳಿತು ತೆಂಗಿನ ಗರಿಯಿಂದ ಪೊರಕೆಕಡ್ಡಿ ಹೆರೆಯುತ್ತಿದ್ದರು. ನನ್ನನ್ನು ಕಂಡು ಚಾಪೆ ಹಾಸಿದರು, ಕಾಫಿ ಕೊಟ್ಟರು. ಮಾತು ಮಾತ್ರ ಆಡಲಿಲ್ಲ. ನಾನೇ, "ಕೈ ವಾಸಿಯಾಗಲಮ್ಮ, ಆಮೇಲೆ ಮೊದಲಿನ ಹಾಗೇ ಬರುತ್ತಾಳೆ" ಎಂದೆ. ಆಗ ಆಕೆ ಕುಡುಗೋಲು ಕೆಳಗಿಟ್ಟು ನನ್ನ ಮುಖ ನೋಡಿದರು.

"ಹ್ವಾದ ವರ್ಸ ಸೈಕಲ್ ಬ್ಯಾಡ ಅಂದೆ. ಏನೂ ಆಗಲ್ಲ ಕಳ್ಸಮ್ಮ ಅಂತ ನೀವೇ ಹೇಳಿದ್ರಿ. ಸೈಕಲ್ ಕೊಟ್ರು, ಸರಿ ಮೇಡಮ್ಮೋರೆ. ತುಳಿಯಕ್ಕೆ ದಾರಿ ಎಲ್ಲೈತೆ?"

ನಾನು ಕಾಫಿ ಲೋಟ ಹಿಡಿದು ಸುಮ್ಮನೆ ಕುಳಿತೆ. ಹಿಂದಿನ ವರ್ಷ ಹಾಗೆ ಹೇಳಿದ್ದವಳು ನಾನೇ. ನಾನು ಇತಿಹಾಸ ಕಲಿಸುವವಳು. ಕಳಿಂಗ ಯುದ್ಧ, ಮೈಸೂರು ಯುದ್ಧಗಳು, ದಂಡಿಯಾತ್ರೆ ಎಲ್ಲವನ್ನೂ ಇಸವಿ ಸಮೇತ ಹೇಳಬಲ್ಲೆ. ದಿನಾ ನಡೆದು ಬರುವ ದಾರಿಗೂ ಒಂದು ಇತಿಹಾಸ ಇದೆ, ಅದರಲ್ಲಿ ನಮಗೆ ಸೇರಿದ ಪಾಲೊಂದು ಯಾವಾಗಲೋ ಕಳೆದುಹೋಗಿದೆ ಎಂದು ಅಂದಿನವರೆಗೆ ನನಗೆ ಹೊಳೆದಿರಲಿಲ್ಲ. ಆ ತಾಯಿಯ ಪ್ರಶ್ನೆ ಹಿಡಿದುಕೊಂಡು ನಾನು ಆಮೇಲೆ ಓದಿದ್ದು, ನೆನಪಿಸಿಕೊಂಡದ್ದು, ಮಾಡಿದ್ದು ಇಷ್ಟನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ತಿಪಟೂರು ತಾಲ್ಲೂಕಿನ ಬಿಳಿಗೆರೆಯಲ್ಲಿ. ಎತ್ತ ನೋಡಿದರೂ ತೆಂಗಿನ ತೋಟ. ನನ್ನ ಅಜ್ಜಿ ತೋಟದಿಂದ ಸೋಗೆಯ ಹೊರೆ ಹೊತ್ತು ಬರುತ್ತಿದ್ದ ದಾರಿಯಲ್ಲಿ ಒಂದು ಹೊರೆಗಲ್ಲಿತ್ತು. ಎರಡು ನಿಲುಗಲ್ಲು, ಅವುಗಳ ಮೇಲೆ ಒಂದು ಅಡ್ಡಗಲ್ಲು, ಅಷ್ಟೇ. ತಲೆಯ ಮೇಲಿನ ಹೊರೆಯನ್ನು ಇಳಿಸಲು ಯಾರ ಸಹಾಯವೂ ಬೇಡ. ಕಲ್ಲಿಗೆ ಎದುರಾಗಿ ನಿಂತು ಹಾಗೇ ಮುಂದಕ್ಕೆ ಜಾರಿಸಿದರಾಯಿತು. ಸೆರಗಿನಿಂದ ಮುಖ ಒರೆಸಿಕೊಂಡು, ಎಲೆ ಅಡಿಕೆ ಹಾಕಿಕೊಂಡು, ಮತ್ತೆ ತಲೆಯೊಡ್ಡಿ ಹೊರೆ ಹೊತ್ತರೆ ಮನೆ ಬರುವ ತನಕ ನಿಲ್ಲುವಂತಿಲ್ಲ. ಹಳೆಯ ಮೈಸೂರು ಸೀಮೆಯಲ್ಲಿ ನೀವೂ ಇಂಥ ಕಲ್ಲುಗಳನ್ನು ನೋಡಿರುತ್ತೀರಿ. ಸಂತೆಗೆ ಹೋಗುವ ದಾರಿಯಲ್ಲಿ ಸಾಲುಮರ, ಬೇಸಿಗೆಯಲ್ಲಿ ಅರವಟ್ಟಿಗೆ, ಊರಿನ ಹೊರಗೆ ಕಟ್ಟೆ, ಮಂಟಪ. ಇವೆಲ್ಲ ಯಾರಿಗಾಗಿ? ಕಾಲಿನಲ್ಲಿ ನಡೆಯುವವರಿಗಾಗಿ. ಗಾಡಿ ಕಟ್ಟಿದವನಿಗೆ ಹೊರೆಗಲ್ಲು ಬೇಕಿಲ್ಲ.

ಅಶೋಕ ಸಾಲುಮರಗಳನ್ನು ನೆಡಿಸಿದ, ಬಾವಿ ತೋಡಿಸಿದ ಎಂದು ನಾವು ಮಕ್ಕಳಿಂದ ಬಾಯಿಪಾಠ ಮಾಡಿಸುತ್ತೇವೆ. ಮನುಷ್ಯರಿಗೂ ಪ್ರಾಣಿಗಳಿಗೂ ನೆರಳಾಗಲೆಂದು ದಾರಿಯ ಬದಿಯಲ್ಲಿ ಆಲದ ಮರ ಹಾಕಿಸಿದೆನೆಂದು ಅವನೇ ಸ್ತಂಭಶಾಸನದಲ್ಲಿ ಕೆತ್ತಿಸಿದ್ದಾನೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಒಬ್ಬ ಚಕ್ರವರ್ತಿ ತನ್ನ ಸಾಧನೆಯೆಂದು ಹೇಳಿಕೊಂಡದ್ದು ಪಾದಚಾರಿಗಳಿಗೆ ಮಾಡಿಕೊಟ್ಟ ಅನುಕೂಲವನ್ನು.

ಅದೇ ಕೆಲಸವನ್ನು ಚಕ್ರವರ್ತಿಯ ಬೊಕ್ಕಸವಿಲ್ಲದೆ ಮಾಡಿದವರು ನಮ್ಮ ಜಿಲ್ಲೆಯ ಹೆಣ್ಣುಮಗಳು. ಸಾಲುಮರದ ತಿಮ್ಮಕ್ಕ ಹುಟ್ಟಿದ್ದು ಗುಬ್ಬಿ ತಾಲ್ಲೂಕಿನಲ್ಲಿ, ಮದುವೆಯಾಗಿ ಹೋದದ್ದು ಮಾಗಡಿ ತಾಲ್ಲೂಕಿನ ಹುಲಿಕಲ್ಲಿಗೆ. ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ರಸ್ತೆಯ ಬದಿಯಲ್ಲಿ ಗಂಡ ಚಿಕ್ಕಯ್ಯನವರ ಜೊತೆ ಸೇರಿ 385 ಆಲದ ಸಸಿ ನೆಟ್ಟು, ಕೊಡದಲ್ಲಿ ನೀರು ಹೊತ್ತು ಹಾಕಿ ಬೆಳೆಸಿದರು. 2019ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ಬಾಗೇಪಲ್ಲಿ–ಹಲಗೂರು ರಸ್ತೆಯ ಅಗಲೀಕರಣಕ್ಕೆ ಆ ಮರಗಳು ಬಲಿಯಾಗುವ ಸುದ್ದಿಯೂ ಬಂತು. ನೂರು ದಾಟಿದ ವಯಸ್ಸಿನಲ್ಲಿ ಆಕೆ ಮುಖ್ಯಮಂತ್ರಿಯವರಿಗೆ ಮನವಿ ಮಾಡಿದರು. ಮರಗಳನ್ನು ಉಳಿಸುತ್ತೇವೆಂದು ಸರ್ಕಾರ ಭರವಸೆ ಕೊಟ್ಟಿತು. 2025ರ ನವೆಂಬರಿನಲ್ಲಿ ತಿಮ್ಮಕ್ಕ ತೀರಿಕೊಂಡಾಗ ಪತ್ರಿಕೆಗಳೆಲ್ಲ ಅವರನ್ನು ಪರಿಸರಪ್ರೇಮಿ ಎಂದು ಬರೆದವು. ನನಗೆ ಅವರು ದಾರಿಯ ಪರವಾಗಿ ಮಾತಾಡಿದ ಹೆಂಗಸಾಗಿಯೂ ಕಂಡರು. ಮರ ಕಡಿದ ರಸ್ತೆಯಲ್ಲಿ ಬಸ್ಸು ಓಡಬಹುದು, ಏಪ್ರಿಲ್ ತಿಂಗಳಲ್ಲಿ ಮಗುವನ್ನು ಕಂಕುಳಲ್ಲಿಟ್ಟುಕೊಂಡು ನಡೆಯಲಾಗುವುದಿಲ್ಲ.

ಇನ್ನು ಸೈಕಲ್ಲಿನ ಕಥೆ. ಈಗ ನಾವು ನೋಡುವ ಆಕಾರದ, ಎರಡೂ ಚಕ್ರ ಸಮನಾಗಿರುವ ಸೈಕಲ್ 1885ರಲ್ಲಿ ಇಂಗ್ಲೆಂಡಿನಲ್ಲಿ ತಯಾರಾಯಿತು. ಮೂರು ವರ್ಷದ ನಂತರ, 1888ರಲ್ಲಿ, ಡನ್‌ಲಪ್ ಗಾಳಿ ತುಂಬುವ ಟೈರು ಮಾಡಿದ ಮೇಲೆ ಅದರ ಸವಾರಿ ಸುಖವಾಯಿತು. ಸೈಕಲ್ ಹೆಂಗಸರ ಬಿಡುಗಡೆಗೆ ಬಹಳ ನೆರವಾಗಿದೆ ಎಂದು ಅಮೆರಿಕದಲ್ಲಿ ಮಹಿಳೆಯರ ಮತದಾನದ ಹಕ್ಕಿಗಾಗಿ ಹೋರಾಡಿದ ಸೂಸನ್ ಆಂಟನಿಯವರು 1896ರಲ್ಲೇ ಹೇಳಿದ್ದರು. ನಮ್ಮಲ್ಲಿ ಸ್ವಾತಂತ್ರ್ಯದ ನಂತರ 1949ರಲ್ಲಿ ಮದರಾಸಿನ ಟಿ.ಐ. ಸೈಕಲ್ಸ್, 1956ರಲ್ಲಿ ಲೂಧಿಯಾನದ ಹೀರೋ ಶುರುವಾಗಿ ಸೈಕಲ್ ಜನಸಾಮಾನ್ಯರ ಕೈಗೆ ಬಂತು. ಕೈಗೆ ಎಂದರೆ ಗಂಡಸರ ಕೈಗೆ ಎನ್ನಿ.

ನಮ್ಮಪ್ಪನ ಸೈಕಲ್ ನನಗೆ ಚೆನ್ನಾಗಿ ನೆನಪಿದೆ. ಕ್ಯಾರಿಯರ್ ಮೇಲೆ ಕೊಬ್ಬರಿ ಚೀಲ ಹೇರಿಕೊಂಡು ತಿಪಟೂರಿಗೆ ಹೊರಟರೆ ಸಂಜೆಗೆ ವಾಪಸ್ಸು. ಆ ಕಾಲದಲ್ಲಿ ಪಟ್ಟಣಗಳಲ್ಲಿ ಸೈಕಲ್ಲಿಗೆ ಪುರಸಭೆಯವರು ತೆರಿಗೆ ಹಾಕಿ ಬಿಲ್ಲೆ ಕೊಡುತ್ತಿದ್ದರು. ರಾತ್ರಿ ದೀಪವಿಲ್ಲದೆ ಹೋದರೆ, ಇಬ್ಬರು ಕುಳಿತು ಹೋದರೆ, ಪೊಲೀಸರು ಹಿಡಿದು ಚಕ್ರದ ಗಾಳಿ ಬಿಡುತ್ತಿದ್ದರು. ಈಗ ನೆನೆಸಿಕೊಂಡರೆ ನಗು ಬರುತ್ತದೆ. ಆದರೆ ಯೋಚಿಸಿ ನೋಡಿ, ಸೈಕಲ್ ಸವಾರನನ್ನು ರಸ್ತೆಯ ಒಬ್ಬ ಪಾಲುದಾರನೆಂದು ಲೆಕ್ಕಕ್ಕೆ ಹಿಡಿದಿದ್ದ ಕಾಲ ಅದು. ಸೈಕಲ್ಲಿಗೆ ಬೇರೆ ದಾರಿ ಹೇಗೆ ಮಾಡಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಎಂಜಿನಿಯರುಗಳು 1962ರಲ್ಲೇ ನಿಯಮ ಬರೆದಿಟ್ಟಿದ್ದರು. ತೆರಿಗೆ ಹೋಯಿತು, ಬಿಲ್ಲೆ ಹೋಯಿತು, ಜೊತೆಗೆ ಆ ಲೆಕ್ಕವೂ ಹೋಯಿತು.

ನಾನು ಸೈಕಲ್ ಕಲಿತದ್ದು ಎಂಟನೇ ತರಗತಿಯ ಬೇಸಿಗೆ ರಜೆಯಲ್ಲಿ, 1983ರಲ್ಲಿ. ಅಪ್ಪನ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡ್ಲು ಹೊಡೆದು, ಮೊಣಕಾಲು ತರಚಿಕೊಂಡು, ಅಮ್ಮನ ಕೈಲಿ ಬೈಸಿಕೊಂಡು ಕಲಿತೆ. ಕಲಿತದ್ದೇ ಬಂತು, ಶಾಲೆಗೆ ಸೈಕಲ್ ಏರಿ ಹೋಗಲು ಅಪ್ಪ ಬಿಡಲಿಲ್ಲ. "ವಯಸ್ಸಿಗೆ ಬಂದ ಹುಡುಗಿ, ಜನ ಏನಂತಾರೆ" ಎಂಬುದು ಅವರ ಮಾತು. ಗಮನಿಸಿ, ಅವರಿಗಿದ್ದದ್ದು ಜನರ ಬಾಯಿಯ ಭಯ, ಲಾರಿಯ ಭಯವಲ್ಲ. ರಸ್ತೆಯ ಎರಡೂ ಬದಿಗೆ ಎತ್ತಿನಗಾಡಿ ಇಳಿದು ಹೋಗುವಷ್ಟು ಮಣ್ಣಿನ ಅಂಚಿತ್ತು. ನಡೆಯುವವರು, ಸೈಕಲ್ಲಿನವರು, ದನ ಹೊಡೆದುಕೊಂಡು ಹೋಗುವವರು ಎಲ್ಲರೂ ಆ ಅಂಚಿನ ಒಕ್ಕಲು. ಹೆಣ್ಣುಮಕ್ಕಳಿಗೆ ಆಗ ದಾರಿಯಿತ್ತು, ಸೈಕಲ್ ಇರಲಿಲ್ಲ.

ಜನರ ಬಾಯಿಯ ಭಯವನ್ನು ಗೆದ್ದವರ ಕಥೆ ನಮ್ಮ ನೆರೆಯ ತಮಿಳುನಾಡಿನಲ್ಲಿದೆ. ಪುದುಕೋಟ್ಟೈ ಜಿಲ್ಲೆಯಲ್ಲಿ 1991ರಲ್ಲಿ ಸಾಕ್ಷರತಾ ಆಂದೋಲನ ನಡೆಯುವಾಗ ಜಿಲ್ಲಾಧಿಕಾರಿಯಾಗಿದ್ದ ಶೀಲಾರಾಣಿ ಚುಂಕತ್ ಎಂಬ ಹೆಣ್ಣುಮಗಳು, ಹೆಂಗಸರಿಗೆ ಅಕ್ಷರದ ಜೊತೆಗೆ ಸೈಕಲ್ಲನ್ನೂ ಕಲಿಸಬೇಕೆಂದು ತೀರ್ಮಾನಿಸಿದರು. ಸೈಕಲ್ ಕೊಳ್ಳಲು ಬ್ಯಾಂಕಿನಿಂದ ಸಾಲ ಕೊಡಿಸಿದರು. ಕಲ್ಲುಕೋರೆಯ ಕೂಲಿಯವರು, ಹೊಲದ ಕೂಲಿಯವರು, ಅಂಗನವಾಡಿಯವರು, ಮೇಡಮ್ಮುಗಳು ಸೀರೆ ಎತ್ತಿಕಟ್ಟಿ ಕಲಿತರು. 1992ರ ಮಹಿಳಾ ದಿನದಂದು 1500ಕ್ಕೂ ಹೆಚ್ಚು ಹೆಂಗಸರು ಸೈಕಲ್ಲಿಗೆ ಬಾವುಟ ಕಟ್ಟಿ ಬೆಲ್ ಬಾರಿಸುತ್ತಾ ಪುದುಕೋಟ್ಟೈ ಪಟ್ಟಣದಲ್ಲಿ ಮೆರವಣಿಗೆ ಹೋದರಂತೆ. ಪತ್ರಕರ್ತ ಪಿ. ಸಾಯಿನಾಥ್ ಇದನ್ನೆಲ್ಲ ಬರೆದಿದ್ದಾರೆ. ಬಸ್ಸಿಗೆ ಕಾಯದೆ, ಗಂಡನನ್ನೋ ಮಗನನ್ನೋ ಕಾಡಿಬೇಡದೆ, ನೀರಿಗೆ, ಮಾರುಕಟ್ಟೆಗೆ, ಆಸ್ಪತ್ರೆಗೆ ತಾವೇ ಹೋಗಿಬರುವ ಸುಖ ಅವರದಾಯಿತು.

ನಮ್ಮ ರಾಜ್ಯದಲ್ಲಿ ಆ ಸುಖ ಬಂದದ್ದು 2006–07ರಲ್ಲಿ. ಸರ್ಕಾರ ಎಂಟನೇ ತರಗತಿಯ ಬಡ ಹೆಣ್ಣುಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತು. ಆಮೇಲೆ ಗಂಡುಮಕ್ಕಳಿಗೂ ವಿಸ್ತರಿಸಿತು. ಬಿಹಾರದಲ್ಲೂ 2006ರಲ್ಲಿ ಹೆಣ್ಣುಮಕ್ಕಳಿಗೆ ಸೈಕಲ್ ಯೋಜನೆ ಬಂತು. ಅದರಿಂದ ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇಕಡಾ 32ರಷ್ಟು ಹೆಚ್ಚಿತೆಂದು ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶೀತ್ ಪ್ರಕಾಶ್ ತಮ್ಮ ಅಧ್ಯಯನದಲ್ಲಿ ತೋರಿಸಿದ್ದಾರೆ. ಶಾಲೆ ದೂರವಿದ್ದ ಊರುಗಳಲ್ಲೇ ಪ್ರಯೋಜನ ಹೆಚ್ಚು.

ನಮ್ಮ ಶಾಲೆಯಲ್ಲಿ ಮೊದಲ ಸಲ ಸೈಕಲ್ ಹಂಚಿದ ದಿನವನ್ನು ನಾನು ಮರೆಯಲಾರೆ. ಬಿಡಿಭಾಗಗಳಾಗಿ ಬಂದಿದ್ದನ್ನು ಮೈದಾನದಲ್ಲೇ ಕೂತು ಜೋಡಿಸಿದರು. ಹುಡುಗಿಯರು ತರಗತಿಯೊಳಗೆ ಕುಳಿತಿದ್ದರೂ ಕಣ್ಣೆಲ್ಲ ಕಿಟಕಿಯ ಕಡೆಗೆ. ಅಂದು ಮಧ್ಯಾಹ್ನ ನಾನು ಪಾಠ ಮಾಡಲಿಲ್ಲ, ಮಾಡಿದರೂ ಕೇಳುವವರಿರಲಿಲ್ಲ. ಸಂಜೆ ಅವರೆಲ್ಲ ಸಾಲಾಗಿ ಗೇಟು ದಾಟಿ ಹೋಗುವಾಗ ನನಗೆ 1983ರ ನನ್ನ ತರಚಿದ ಮೊಣಕಾಲು ನೆನಪಾಗಿ ಕಣ್ಣು ತುಂಬಿತು. ಹುಡುಗಿಯರಿಗೆ ಕೊನೆಗೂ ಸೈಕಲ್ ಸಿಕ್ಕಿತು ಎಂದುಕೊಂಡೆ.

ಅಷ್ಟು ಹೊತ್ತಿಗೆ ದಾರಿ ಕೈಬಿಟ್ಟಿತ್ತು. ಇದು ಒಂದು ದಿನದಲ್ಲಿ ಆದದ್ದಲ್ಲ. ರಸ್ತೆ ಸ್ವಲ್ಪ ಸ್ವಲ್ಪವೇ ಅಗಲವಾಯಿತು. ಪ್ರತಿ ಸಲವೂ ಟಾರು ಮಣ್ಣಿನ ಅಂಚಿನ ಮೇಲೆ ಹರಡಿತು. ಟಾರಿನ ಮೇಲೆ ಟಾರು ಬಿದ್ದು ರಸ್ತೆ ಮೇಲೇರಿತು, ಅಂಚು ಕೆಳಗುಳಿಯಿತು. ಮಳೆ ಬಂದಾಗ ಆ ಅಂಚು ಕೊರೆದುಹೋಗಿ ಚರಂಡಿಯಾಯಿತು. ಸಾಲುಮರ ಹೋದ ಜಾಗಕ್ಕೆ ಪೊದೆ ಬಂತು. ಯಾರೂ ಬೇಕೆಂದು ಮಾಡಿದ್ದಲ್ಲ. ಪಾದಚಾರಿಯನ್ನು ಓಡಿಸಿ ಎಂದು ಯಾವ ಕಡತದಲ್ಲೂ ಬರೆದಿಲ್ಲ. ಅಳತೆ ಮಾಡುವವರು ಗಾಡಿಯ ಅಗಲವನ್ನು ಅಳೆದರು, ನಡೆಯುವವರ ಅಗಲವನ್ನು ಅಳೆಯಲು ಮರೆತರು.

"ತುಳಿಯಕ್ಕೆ ದಾರಿ ಎಲ್ಲೈತೆ" ಎಂದು ಕೇಳಿದವರಲ್ಲಿ ನಮ್ಮ ಹುಡುಗಿಯ ತಾಯಿ ಮೊದಲಿಗರಲ್ಲ ಎಂಬುದು ನನಗೆ ಓದುತ್ತಾ ತಿಳಿಯಿತು. ಹಾಲೆಂಡ್ ಎಂದೊಡನೆ ನಮಗೆ ಗಾಳಿಗಿರಣಿ, ಟ್ಯುಲಿಪ್ ಹೂವು, ಮನೆಮಂದಿಯೆಲ್ಲ ಸೈಕಲ್ ತುಳಿಯುವ ಚಿತ್ರ ಕಣ್ಣಿಗೆ ಬರುತ್ತದೆ. ಅವರು ಮೊದಲಿಂದಲೂ ಹಾಗೇ ಇದ್ದರೆಂದು ನಾನು ತಿಳಿದಿದ್ದೆ. ಹಾಗಲ್ಲ. ಎರಡನೇ ಮಹಾಯುದ್ಧದ ನಂತರ ಅಲ್ಲೂ ಕಾರು ಹೆಚ್ಚಿ, ಸೈಕಲ್ ದಾರಿಗಳು ಹಿಂದೆ ಬಿದ್ದವು. 1971ರ ಒಂದೇ ವರ್ಷ ಆ ಪುಟ್ಟ ದೇಶದಲ್ಲಿ ಸುಮಾರು 3300 ಮಂದಿ ರಸ್ತೆಯಲ್ಲಿ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಜನ ಮಕ್ಕಳು. ತನ್ನ ಪುಟ್ಟ ಮಗಳನ್ನು ಹಾಗೆ ಕಳೆದುಕೊಂಡ ವಿಕ್ ಲಾಂಗೆನ್‌ಹಾಫ್ ಎಂಬ ಪತ್ರಕರ್ತ 1972ರಲ್ಲಿ ಒಂದು ಲೇಖನ ಬರೆದ. ಅದರ ತಲೆಬರಹ, ಮಕ್ಕಳ ಕೊಲೆ ನಿಲ್ಲಿಸಿ ಎಂದು. ಅದೇ ಹೆಸರಿನಲ್ಲಿ ಚಳವಳಿ ಹುಟ್ಟಿತು. ಮಾರ್ಟ್ಯ ಫಾನ್ ಪುಟ್ಟೆನ್ ಎಂಬ ಎಳೆಯ ತಾಯಿ ಅದರ ಮೊದಲ ಅಧ್ಯಕ್ಷೆ. ಅಪಘಾತವಾದ ಜಾಗಗಳಲ್ಲಿ ಜನ ರಸ್ತೆ ತಡೆದರು. ಮಕ್ಕಳನ್ನು ಕಟ್ಟಿಕೊಂಡು ಪ್ರಧಾನಿಯ ಮನೆ ಬಾಗಿಲಿಗೇ ಹೋದರು. 1973ರಲ್ಲಿ ಅರಬ್ ದೇಶಗಳು ಪೆಟ್ರೋಲ್ ನಿಲ್ಲಿಸಿದಾಗ ಭಾನುವಾರ ಕಾರು ಓಡಿಸಬಾರದೆಂದು ಅಲ್ಲಿನ ಸರ್ಕಾರವೇ ಕಟ್ಟುಮಾಡಿತು. ಜನ ಖಾಲಿ ರಸ್ತೆಯಲ್ಲಿ ಮಕ್ಕಳೊಂದಿಗೆ ನಡೆದು ನೋಡಿದರು. ಮುಂದೆ ಸೈಕಲ್ಲಿಗೆ ಬೇರೆ ದಾರಿಗಳಾದವು, ವಾಸದ ಬೀದಿಗಳಲ್ಲಿ ವಾಹನದ ವೇಗಕ್ಕೆ ಕಡಿವಾಣ ಬಿತ್ತು. ನಾಲ್ಕು ದಶಕ ಕಳೆಯುವಷ್ಟರಲ್ಲಿ ವರ್ಷಕ್ಕೆ ಸಾಯುವ ಮಕ್ಕಳ ಸಂಖ್ಯೆ ಎರಡಂಕಿಗೆ ಇಳಿಯಿತು. ಆ ಸೈಕಲ್ ದಾರಿಗಳು ತಾಯಂದಿರು ಜಗಳವಾಡಿ ಪಡೆದವು.

ಇದನ್ನು ಓದಿದ ಮೇಲೆ ನನಗೂ ಸ್ವಲ್ಪ ಧೈರ್ಯ ಬಂತು. ರಸ್ತೆ ತಡೆಯುವಷ್ಟಲ್ಲ, ಸರ್ಕಾರಿ ನೌಕರಳು ನಾನು! ಅಳತೆ ಮಾಡುವಷ್ಟು. ಕಬಡ್ಡಿ ಅಂಕಣ ಅಳೆಯುವ ಟೇಪು ಹಿಡಿದು ಒಂಬತ್ತನೇ ತರಗತಿಯ ಮಕ್ಕಳ ಜೊತೆ ಶಾಲೆಯ ಮುಂದಿನ ರಸ್ತೆಯ ಅಂಚನ್ನು ಅಳೆದೆವು. ಪಾದಚಾರಿ ಮಾರ್ಗ ಕಡಿಮೆಯೆಂದರೆ 1.8 ಮೀಟರ್, ಅಂದರೆ ಸುಮಾರು ಆರು ಅಡಿ ಅಗಲವಿರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲಿ ಹೊರತಂದ ಮಾರ್ಗಸೂಚಿ ಹೇಳುತ್ತದೆ. ನಮ್ಮ ಕಡೆ ಎಷ್ಟೋ ಕಡೆ ಒಂದು ಅಡಿಯೂ ಇರಲಿಲ್ಲ. ಬೆಳಿಗ್ಗೆ ಒಂದು ಗಂಟೆ ಕಾಲ ನಿಂತು ಮಕ್ಕಳು ಲೆಕ್ಕ ಬರೆದರು. ಲಾರಿ, ಬಸ್ಸು, ಕಾರು ಎಲ್ಲ ಸೇರಿದರೂ ನಡೆಯುವವರು ಮತ್ತು ಸೈಕಲ್ಲಿನವರೇ ಹೆಚ್ಚಿಗೆ ಇದ್ದರು. ನಡೆಯುವವರಲ್ಲಿ ಹೆಂಗಸರು, ಮಕ್ಕಳೇ ಬಹುಪಾಲು. ನಾನೂ ಅದೇ ದಾರಿಯಲ್ಲಿ ಇಷ್ಟು ವರ್ಷ ಓಡಾಡಿದ್ದೆ. ಲೆಕ್ಕ ಬರೆಯುವ ತನಕ ಅದು ಕಣ್ಣಿಗೆ ಬಿದ್ದಿರಲಿಲ್ಲ.

ಆ ಸಲದ ಮಕ್ಕಳ ಗ್ರಾಮಸಭೆಯಲ್ಲಿ ಹುಡುಗಿಯರೇ ಎದ್ದುನಿಂತು ಮೂರು ಮಾತು ಕೇಳಿದರು. ಅಂಚಿಗೆ ಮಣ್ಣು ತುಂಬಿ ಟಾರಿನ ಸಮಕ್ಕೆ ತನ್ನಿ. ಪೊದೆ ಕಡಿಸಿ. ಶಾಲೆಯ ಮುಂದೆ ದಾಟುವ ಜಾಗಕ್ಕೆ ಬಿಳಿ ಪಟ್ಟೆ ಬಳಿದು ಎರಡೂ ಕಡೆ ಫಲಕ ಹಾಕಿ. ಮುರಿದ ಕೈಯ ಹುಡುಗಿ ಅಷ್ಟು ಹೊತ್ತಿಗೆ ಪಟ್ಟಿ ಬಿಚ್ಚಿಸಿಕೊಂಡಿದ್ದಳು. ಅವಳೇ ಅಳತೆಯ ಹಾಳೆಯನ್ನು ಓದಿದಳು. ಸಭೆಯಲ್ಲಿದ್ದ ಹಿರಿಯರೊಬ್ಬರು, "ಮೋಟಾರು ರಸ್ತೆಯಲ್ಲಿ ಹುಷಾರಾಗಿ ಹೋಗೋದು ನಿಮ್ಮ ಜವಾಬ್ದಾರಿ ಕಣ್ರಮ್ಮ" ಎಂದರು. ಇನ್ನೊಬ್ಬ ಹುಡುಗಿ, "ಹುಷಾರಾಗಿ ಎಲ್ಲಿ ಹೋಗೋದು ತೋರಿಸಿ ಸಾರ್" ಎಂದು ಕೇಳಿಬಿಟ್ಟಳು. ನಾನು ತಲೆ ತಗ್ಗಿಸಿ ನಗು ತಡೆದುಕೊಂಡೆ.

ಅರ್ಜಿ ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಯಿತು. ಇದು ನಮ್ಮ ವ್ಯಾಪ್ತಿಯಲ್ಲ ಎಂಬ ಉತ್ತರವನ್ನು ನಾವು ಬೇರೆ ಬೇರೆ ಬಾಯಿಂದ ಕೇಳಿದೆವು. ಮಹಿಳಾ ಸಂಘದವರು ಪ್ರತಿ ಸಲ ಇಬ್ಬರಂತೆ ಸರದಿ ಹಾಕಿಕೊಂಡು ಹೋಗಿ ಕೇಳಿಬಂದರು. ಎಂಟು ತಿಂಗಳ ಮೇಲೆ ಒಂದು ದಿನ ಗ್ರಾವೆಲ್ ಬಂದು ಬಿತ್ತು. ಪೊದೆಯೂ ಹೋಯಿತು. ಬಿಳಿ ಪಟ್ಟೆ ಮುಂದಿನ ವರ್ಷ ಬಂತು, ಒಂದು ಮಳೆಗಾಲಕ್ಕೆ ಅಳಿಸಿತು. ಮತ್ತೆ ಕೇಳಬೇಕಾಯಿತು.

ಇಲ್ಲಿ ನಾನೊಂದು ವಿಷಯ ಮುಚ್ಚಿಡಬಾರದು. ಆ ಹುಡುಗಿಗೊಬ್ಬಳು ತಂಗಿಯಿದ್ದಳು. ಏಳನೇ ತರಗತಿ ಮುಗಿಸಿ ಆ ವರ್ಷವೇ ನಮ್ಮ ಶಾಲೆಗೆ ಸೇರಬೇಕಿತ್ತು. ಸೇರಿಸಿದ ಹೊಸದರಲ್ಲೇ ಅಕ್ಕನ ಕೈ ಮುರಿದದ್ದು ನೋಡಿ ತಾಯಿ ಅವಳನ್ನು ಮನೆಯಲ್ಲಿ ಉಳಿಸಿಕೊಂಡರು. ದೊಡ್ಡವಳನ್ನು ಮಾತ್ರ, ಎಸ್ಸೆಸ್ಸೆಲ್ಸಿ ಹತ್ತಿರ ಬಂತೆಂದು, ಊರಿನ ಮಕ್ಕಳ ಗುಂಪಿನಲ್ಲಿ ನಡೆಸಿ ಕಳುಹಿಸಿದರು. ನಾನು ಮೂರು ಸಲ ಹೋಗಿ ಕೇಳಿದರೂ ಚಿಕ್ಕವಳ ವಿಷಯದಲ್ಲಿ ಮಣಿಯಲಿಲ್ಲ. ಅಂಚಿಗೆ ಮಣ್ಣು ಬಿದ್ದ ಮೇಲೆ, ಮರುವರ್ಷದ ಜೂನ್ ತಿಂಗಳಲ್ಲಿ ತಾವೇ ಕೈಹಿಡಿದು ಕರೆತಂದು ಬಿಟ್ಟರು. ತನಗಿಂತ ಒಂದು ವರ್ಷ ಚಿಕ್ಕವರ ಜೊತೆ, ಕೊನೆಯ ಬೆಂಚಿನಲ್ಲಿ, ಉದ್ದಕ್ಕೆ ಬೆಳೆದ ಆ ಹುಡುಗಿ ಮುದುರಿಕೊಂಡು ಕೂರುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಒಂದು ಗೇಣು ಮಣ್ಣಿಗೆ ಒಂದು ಹುಡುಗಿಯ ಒಂದು ವರ್ಷ ಹೋಯಿತು. ಅಪಘಾತದ ಲೆಕ್ಕದಲ್ಲಿ ಇಂಥ ವರ್ಷಗಳನ್ನು ಯಾರೂ ಬರೆಯುವುದಿಲ್ಲ.

ಬರೆಯುವ ಲೆಕ್ಕವೇ ಸಾಕಷ್ಟು ದೊಡ್ಡದಿದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು, 4,836 ಮಂದಿ ಸೈಕಲ್ಲಿನವರು. ಕೇಂದ್ರ ಸಾರಿಗೆ ಇಲಾಖೆಯೇ ಅಚ್ಚು ಹಾಕಿಸಿದ ಅಂಕಿ ಇದು. ದಿನಕ್ಕೆ ನೂರು ಜನರ ಮೇಲೆ ಎಂದಾಯಿತು.

ಈ ನಡುವೆ ನಮ್ಮ ತಾಲ್ಲೂಕಿನ ಬೆನ್ನೆಲುಬಿನಂತಿರುವ ತುಮಕೂರು–ಶಿವಮೊಗ್ಗ ಹೆದ್ದಾರಿಯೂ ಚತುಷ್ಪಥವಾಗಲು ಹೊರಟಿತು. ಮಲ್ಲಸಂದ್ರದಿಂದ ಕರಡಿಯವರೆಗೆ ಒಂದು ಭಾಗ, ಕರಡಿಯಿಂದ ಬಾಣಾವರದವರೆಗೆ ಇನ್ನೊಂದು, ಹೀಗೆ ಪಾಲುಮಾಡಿ ಕೆಲಸ ಹಿಡಿದರು. ನಾನು ಹೆದ್ದಾರಿಯ ವಿರೋಧಿಯಲ್ಲ. ತೆಂಗು ಬೆಳೆಯುವವರಿಗೆ ಮಾರುಕಟ್ಟೆ ಹತ್ತಿರವಾಗಬೇಕು, ಕಾಯಿಲೆಯವರು ಬೇಗ ಆಸ್ಪತ್ರೆ ಸೇರಬೇಕು. ಆದರೆ ಚತುಷ್ಪಥ ರಸ್ತೆ ಎಲ್ಲೇ ಆಗಲಿ, ಈ ಕಡೆ ಊರು, ಆ ಕಡೆ ತೋಟ ಇರುವವರ ಪಾಡು ನೋಡಿ. ದಾಟುವ ಜಾಗ ದೂರವಿದ್ದರೆ ಹುಲ್ಲಿನ ಹೊರೆ ಹೊತ್ತವಳು ಸುತ್ತಿ ಬರುವುದಿಲ್ಲ, ಡಿವೈಡರ್ ಹತ್ತಿ ಇಳಿಯುತ್ತಾಳೆ. ಅವಳನ್ನು ಶಿಸ್ತಿಲ್ಲದವಳು ಎಂದು ಬೈಯುವುದು ಸುಲಭ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾಗಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟು ಬೇಡವಾಯಿತು. ಬಹಳ ಒಳ್ಳೆಯದಾಯಿತು. ಬಸ್ ಸ್ಟಾಪು ತಲುಪುವ ತನಕ ಮಾತ್ರ ನಡೆಯಲೇಬೇಕು, ರಸ್ತೆ ದಾಟಲೇಬೇಕು. ಅಷ್ಟರಲ್ಲಿ ಸೈಕಲ್ ಹಂಚಿಕೆ 2020ರ ಕೊರೊನಾ ಕಾಲದಲ್ಲಿ ನಿಂತಿತ್ತು. ನಿಂತಾಗ ನಮ್ಮ ಕಡೆ ದೊಡ್ಡ ಕೂಗೇನೂ ಏಳಲಿಲ್ಲ. ಎಷ್ಟೋ ಮನೆಗಳಲ್ಲಿ ತಾಯಂದಿರು ಮೊದಲೇ ಅದಕ್ಕೆ ಬೀಗ ಹಾಕಿ ಕೊಟ್ಟಿಗೆಯಲ್ಲಿ ನಿಲ್ಲಿಸಿದ್ದರು.

ದೊಡ್ಡ ಊರುಗಳಲ್ಲಿ ಈ ವಿಷಯಕ್ಕೆ ದನಿ ಎದ್ದಿದೆ. ಬೆಂಗಳೂರಿನಲ್ಲಿ 2013ರ ಅಕ್ಟೋಬರಿನಿಂದ ಸೈಕಲ್ ದಿನಗಳು ನಡೆದವು. ಮೈಸೂರಿನಲ್ಲಿ 2017ರ ಜೂನ್‌ನಲ್ಲಿ ಟ್ರಿಣ್ ಟ್ರಿಣ್ ಎಂಬ ಬಾಡಿಗೆ ಸೈಕಲ್ ವ್ಯವಸ್ಥೆ ಬಂತು. 2025ರ ಮೇ 14ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಅಭಯ್ ಓಕಾ ಮತ್ತು ಉಜ್ಜಲ್ ಭುಯಾನ್, ಒತ್ತುವರಿಯಿಲ್ಲದ, ಅಂಗವಿಕಲರೂ ಬಳಸಬಹುದಾದ ಪಾದಚಾರಿ ಮಾರ್ಗ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿಗೆ ಸೇರಿದ್ದೆಂದು ಹೇಳಿದರು. ಆ ಸುದ್ದಿಯನ್ನು ಕತ್ತರಿಸಿ ನಾನು ಶಾಲೆಯ ಸೂಚನಾ ಫಲಕಕ್ಕೆ ಅಂಟಿಸಿದೆ. ಪೌರನೀತಿಯ ಪಾಠದಲ್ಲಿ 21ನೇ ವಿಧಿ ಬಂದಾಗ ಮಕ್ಕಳಿಗೆ ಈಗ ರಸ್ತೆಯ ಅಂಚನ್ನೇ ತೋರಿಸುತ್ತೇನೆ.

ಪಟ್ಟಣದಲ್ಲಿರುವ ಗೆಳತಿಯರು ಇದು ಹಳ್ಳಿಯ ಕಷ್ಟ ಎಂದುಕೊಳ್ಳಬೇಡಿ. ನಿಮ್ಮ ಬೀದಿಯ ಫುಟ್‌ಪಾತಿನ ಮೇಲೆ ಏನೇನಿದೆ, ಒಮ್ಮೆ ನೋಡಿ. ಟ್ರಾನ್ಸ್‌ಫಾರ್ಮರು, ಬೈಕು, ಮುರಿದ ಚಪ್ಪಡಿ, ಅಂಗಡಿಯ ಮೆಟ್ಟಿಲು. ತರಕಾರಿ ಚೀಲ ಒಂದು ಕೈಯಲ್ಲಿ, ಮೊಮ್ಮಗು ಇನ್ನೊಂದು ಕೈಯಲ್ಲಿ ಹಿಡಿದು ಎಷ್ಟು ಸಲ ರಸ್ತೆಗೆ ಇಳಿಯಬೇಕಾಯಿತೆಂದು ಎಣಿಸಿ. ಎಣಿಸಿದ್ದನ್ನು ಒಂದು ಹಾಳೆಯಲ್ಲಿ ಬರೆಯಿರಿ. ನಾಲ್ಕು ಜನರ ಸಹಿ ಹಾಕಿಸಿ ಪುರಸಭೆಗೆ ಕೊಟ್ಟು, ಹಿಂಬರಹ ಕೇಳಿ. ಕೊಡದಿದ್ದರೆ ಮತ್ತೆ ಹೋಗಿ. ನಮಗೆ ಎಂಟು ತಿಂಗಳು ಹಿಡಿಯಿತು, ನಿಮಗೆ ಇನ್ನೂ ಹೆಚ್ಚು ಹಿಡಿಯಬಹುದು.

ಮೊನ್ನೆ ಬಿಳಿಗೆರೆಗೆ ಹೋಗಿದ್ದಾಗ ಅಜ್ಜಿಯ ಹೊರೆಗಲ್ಲನ್ನು ಹುಡುಕಿಕೊಂಡು ಹೋದೆ. ದಾರಿ ಅಗಲ ಮಾಡುವಾಗ ಕಿತ್ತು ತೋಟದ ಬೇಲಿಯ ಒಳಗೆ ಹಾಕಿದ್ದಾರೆ. ಒಂದು ನಿಲುಗಲ್ಲು ಕಾಣಲಿಲ್ಲ. ಇನ್ನೊಂದನ್ನು ಯಾರೋ ಪುಣ್ಯಾತ್ಮರು ನೆಟ್ಟಗೆ ನಿಲ್ಲಿಸಿ ಎಮ್ಮೆ ಕಟ್ಟಿದ್ದರು. ನಾನು ಅದರ ಪಕ್ಕದಲ್ಲಿ ನಿಂತು ನೋಡಿದೆ. ನನ್ನ ಭುಜದ ಎತ್ತರಕ್ಕೆ ಬಂತು. ಅಜ್ಜಿಯೂ ನನ್ನಷ್ಟೇ ಎತ್ತರವಿದ್ದರು. ಈ ಕಲ್ಲು ನಿಲ್ಲಿಸಿದವರು ಯಾರೋ, ಯಾವ ಕಾಲದವರೋ, ಓದಿದವರಂತೂ ಇರಲಿಕ್ಕಿಲ್ಲ. ಆದರೆ ಕಲ್ಲು ಕಡಿಯುವ ಮೊದಲು ಹೊರೆ ಹೊತ್ತ ಒಬ್ಬ ಹೆಂಗಸನ್ನು ನಿಲ್ಲಿಸಿ ಅಳತೆ ತೆಗೆದುಕೊಂಡಿದ್ದರು.